ಬೋಧನಾಭ್ಯಾಸದ ಋಣವೂ ಧನವೂ

ಗಣಿತ ಬೋಧನೆಯ ವಿಷಯವಾಗಿ ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗಾದರೂ ತೋರಬಹುದು. ನನ್ನ ಹಳೆಯ ವಿದ್ಯಾರ್ಥಿಗಳಂತೂ ನಕ್ಕೇ ನಗುವರು. ಅಂಕಪಟ್ಟಿಯ ಮೊತ್ತವನ್ನು ಎರಡು ಬಾರಿ ಕೂಡಿ ಎರಡು ಬೇರೆ ಬೇರೆ ಉತ್ತರ ತರುವವನೆಂಬ ಖ್ಯಾತಿ ನನಗೆ ಈ ಶಾಲೆಯಲ್ಲಿ ಬಹುಕಾಲದಿಂದ ಇದೆ. ಆದರೂ ಈಚೆಗೆ ನಮ್ಮಲ್ಲಿಗೆ ಬೋಧನಾಭ್ಯಾಸಕ್ಕೆಂದು ಬಂದಿದ್ದ ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರ ದಿನಚರಿಯನ್ನು ಹದಿನಾರು ವಾರಗಳ ಕಾಲ ಸಮೀಪದಿಂದ ಕಂಡ ಮೇಲೆ, ಹೇಳಬೇಕಾದ ಕೆಲವು ಮಾತುಗಳನ್ನು ಹೇಳದೆ ಇರುವುದು ಸರಿಯಲ್ಲವೆಂದು ನನಗೆ ಅನಿಸಿದೆ. ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮೂವರೂ ಒಟ್ಟಾಗಿ ಓದುವ ಪುಟಗಳು ಇವೇ ಆದುದರಿಂದ ಈ ಮಾತಿಗೆ ಇದಕ್ಕಿಂತ ತಕ್ಕ ಸ್ಥಳವಿಲ್ಲ.

ಕಂಕುಳಲ್ಲಿ ಪಾಠಯೋಜನೆಯ ಪುಸ್ತಕ, ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು, ಮುಖದಲ್ಲಿ ಅಳುಕು, ಇವಿಷ್ಟನ್ನು ಹೊತ್ತು ಪ್ರತಿವರ್ಷವೂ ಐದಾರು ಮಂದಿ ತರುಣ ತರುಣಿಯರು ನಮ್ಮ ಶಾಲೆಯ ಮೆಟ್ಟಿಲೇರುತ್ತಾರೆ. ಇವರು ನಿಜವಾದ ಉಪಾಧ್ಯಾಯರಲ್ಲ, ಕೆಲವು ದಿನಗಳ ಅತಿಥಿಗಳು ಎಂಬುದನ್ನು ಮಕ್ಕಳು ಮೊದಲ ಗಂಟೆಯಲ್ಲಿಯೇ ಕಂಡುಕೊಳ್ಳುತ್ತಾರೆ. ನಾವು ಉಪಾಧ್ಯಾಯರೂ ಹಾಗೆಯೇ ಕಾಣುತ್ತೇವೆ. ಅವಧಿ ಮುಗಿದೊಡನೆ ಒಂದು ಪ್ರಮಾಣಪತ್ರಕ್ಕೆ ಮೊಹರು ಒತ್ತಿ ಕಳುಹಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತೇವೆ. ಈ ತಿಳಿವಳಿಕೆಯೇ ತಪ್ಪು. ಬೋಧನಾಭ್ಯಾಸವು ತರಬೇತಿ ಕಾಲೇಜಿನ ಕೆಲಸ ಎಷ್ಟೋ, ಆಶ್ರಯ ಕೊಟ್ಟ ಶಾಲೆಯ ಕೆಲಸವೂ ಅಷ್ಟೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ನಾನು ತರಬೇತಿ ಪಡೆದ ಕಾಲದಲ್ಲಿ ಬಿ.ಎಡ್. ಶಿಕ್ಷಣವು ಒಂದೇ ವರ್ಷದ್ದಾಗಿತ್ತು. ಎಣಿಸಿದಷ್ಟು ಪಾಠಗಳನ್ನು ಒಪ್ಪಿಸಿ, ಎಣಿಸಿದಷ್ಟು ಪುಟಗಳನ್ನು ಬರೆದರೆ ಶಾಲೆಯ ಅನುಭವ ಆಯಿತೆಂದು ಲೆಕ್ಕ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಅದು ಎರಡು ವರ್ಷದ್ದಾಯಿತು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ, ಒಟ್ಟು 20 ವಾರಗಳನ್ನು ಶಾಲೆಯ ಸಂಪರ್ಕದಲ್ಲಿ ಕಳೆಯಬೇಕೆಂದು ವಿಧಿಸಲಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇನ್ನೂ ಮುಂದೆ ಹೋಗಿ, 2030ರ ವೇಳೆಗೆ ನಾಲ್ಕು ವರ್ಷಗಳ ಸಮಗ್ರ ಬಿ.ಎಡ್. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿದೆ. ವಾರಗಳನ್ನು ಹೆಚ್ಚಿಸುವುದು ನಿಯಮದ ಕೈಯಲ್ಲಿದೆ. ಆ ವಾರಗಳಲ್ಲಿ ಏನಾಗಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿಯೇ ಉಳಿದಿದೆ.

ಈ ಪ್ರಶಿಕ್ಷಣಾರ್ಥಿಯು ಒಕ್ಕಲುತನದ ಮನೆಯ ಹೆಣ್ಣುಮಗಳು. ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲಿಗರು. ಉಪಾಧ್ಯಾಯರ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿ ತೆರವಾಗಿದ್ದುದರಿಂದ ಅಲ್ಲಿ ಕುಳಿತರು. ಅವರ ಎಂಟನೆಯ ತರಗತಿಯ ಪಾಠದ ಬೆನ್ನಿಗೇ ನನ್ನ ಕನ್ನಡ ಪಾಠವಿದ್ದುದರಿಂದ, ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ನಾನು ಒಂದು ಗಂಟೆ ಮೊದಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವ ರೂಢಿ ಮಾಡಿಕೊಂಡೆ. ಪ್ರೌಢಶಾಲೆಯಲ್ಲಿ ಬೆತ್ತದ ಭಯದಿಂದ ತಲೆಗೆ ಹತ್ತದ ಗಣಿತ, ಐವತ್ತು ದಾಟಿದ ಮೇಲಾದರೂ ಹತ್ತೀತೇ ಎಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ವಾರ ಋಣಸಂಖ್ಯೆಗಳ ಗುಣಾಕಾರದ ಪುನರಾವರ್ತನೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ನಿಯಮ ಬರೆದು, ಕೆಳಗೆ ನಾಲ್ಕು ಲೆಕ್ಕ ಹಾಕಿದರು. ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಸಾಲಕ್ಕೆ ಸಾಲ ಸೇರಿದರೆ ನಮ್ಮಪ್ಪನಿಗೆ ಇನ್ನೂ ಸಾಲವೇ ಆಗುತ್ತದೆ. ಇಲ್ಲಿ ಹೇಗೆ ಲಾಭ ಬಂತು?" ತರಗತಿ ನಕ್ಕಿತು. ಅವರು ಕ್ಷಣಕಾಲ ಕರಿಹಲಗೆಯನ್ನೇ ನೋಡಿ, "ನಿಯಮ ಹಾಗಿದೆ, ಬರೆದುಕೊಳ್ಳಿ" ಎಂದರು. ಹುಡುಗ ಕುಳಿತ. ಪಾಠಯೋಜನೆಯ ಪ್ರಕಾರ ಅಂದಿನ ಪಾಠ ಸುಸೂತ್ರವಾಗಿ ಮುಗಿದಿತ್ತು.

ಸಂಜೆ ನಾನು ಕೇಳುವ ಮೊದಲೇ ಅವರೇ ಮಾತು ತೆಗೆದರು. "ಗುರುಗಳೇ, ಆ ಹುಡುಗನಿಗೆ ನಾನು ಉತ್ತರ ಕೊಡಲಿಲ್ಲ. ನನಗೂ ಯಾರೂ ಕೊಟ್ಟಿರಲಿಲ್ಲ." ನನಗೆ ಗಣಿತ ತಿಳಿಯದಿದ್ದರೂ ಗಣಿತದ ಚರಿತ್ರೆ ಅಷ್ಟಿಷ್ಟು ತಿಳಿದಿತ್ತು. ಧನ ಋಣ ಎಂಬ ಪದಗಳನ್ನು ಹಿಡಿದು ಇವುಗಳ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತನು 628ರ ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೊಟ್ಟಿದ್ದಾನೆ. ಅದಾಗಿ ಸಾವಿರದ ನೂರು ವರ್ಷಗಳು ಕಳೆದ ಮೇಲೂ, 1758ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಮಸೇರೆಸ್ ಎಂಬ ವಿದ್ವಾಂಸನು ಬೀಜಗಣಿತದಲ್ಲಿ ಋಣಸಂಖ್ಯೆಗಳ ಬಳಕೆಯನ್ನು ಆಕ್ಷೇಪಿಸಿ ಒಂದು ಗ್ರಂಥವನ್ನೇ ಬರೆದ. "ಆದುದರಿಂದ, ತಾಯಿ, ಆ ಹುಡುಗನ ಸಂದೇಹ ದಡ್ಡತನವಲ್ಲ, ದೊಡ್ಡ ಪಂಡಿತರ ಸಂದೇಹ ಅದು" ಎಂದೆ. ಅವರ ಮುಖ ಸ್ವಲ್ಪ ಅರಳಿತು.

ಮರುದಿನ ಅವರು ನಿಯಮವನ್ನು ಅಳಿಸಿ ಮೆಟ್ಟಿಲು ಕಟ್ಟಿದರು. ಋಣ ನಾಲ್ಕನ್ನು ಮೂರರಿಂದ ಗುಣಿಸಿದರೆ ಋಣ 12, ಎರಡರಿಂದ ಋಣ 8, ಒಂದರಿಂದ ಋಣ 4, ಸೊನ್ನೆಯಿಂದ ಸೊನ್ನೆ. "ಒಂದೊಂದು ಮೆಟ್ಟಿಲಿಗೂ ಎಷ್ಟು ಏರಿದೆ?" "ನಾಲ್ಕು!" "ಹಾಗಾದರೆ ಸೊನ್ನೆಯಾದ ಮೇಲೆ ಋಣ ಒಂದರಿಂದ ಗುಣಿಸಿದರೆ?" ತರಗತಿ ಒಂದೇ ಕಂಠದಲ್ಲಿ "ಧನ ನಾಲ್ಕು" ಎಂದಿತು. ಬಳಿಕ ಆ ಹುಡುಗನ ಕಡೆಗೆ ತಿರುಗಿ, "ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ನಾಲ್ಕು ನಾಲ್ಕು ರೂಪಾಯಿಯ ಸಾಲಗಳಿವೆ ಎನ್ನು. ಅಂಗಡಿಯವರು ಅವುಗಳಲ್ಲಿ ಮೂರನ್ನು ಹೊಡೆದುಹಾಕಿದರೆ ನಿಮಗೆ ನಷ್ಟವೋ ಲಾಭವೋ?" ಎಂದು ಕೇಳಿದರು. ಹುಡುಗ ಬೆರಳು ಮಡಿಸಿ, "ಹನ್ನೆರಡು ರೂಪಾಯಿ ಉಳಿಯಿತು ಮಿಸ್" ಎಂದ. ಸಾಲಕ್ಕೆ ಸಾಲ ಕೂಡುವುದು ಬೇರೆ, ಸಾಲವನ್ನು ತೆಗೆದುಹಾಕುವುದು ಬೇರೆ ಎಂಬ ಭೇದ ನನಗೂ ಅಂದೇ ಹೊಳೆಯಿತು. ಆ ಎರಡನೆಯ ದಿನದ ಪಾಠಕ್ಕೆ ಯೋಜನೆಯ ಪುಸ್ತಕದಲ್ಲಿ ಸ್ಥಳವಿರಲಿಲ್ಲ. ಅದು ಪುನರಾವರ್ತನೆಯಾದುದರಿಂದ ಲೆಕ್ಕಕ್ಕೆ ಬಾರದೆಂದು ಯಾರೋ ಅವರಿಗೆ ಹೇಳಿದರಂತೆ.

ಅವರ ಎರಡನೆಯ ತೊಡಕು ನನ್ನ ಕಸುಬಿಗೆ ಸೇರಿದುದು. ಪದವಿಯಲ್ಲಿ ಗಣಿತವನ್ನು ಇಂಗ್ಲಿಷಿನಲ್ಲಿ ಓದಿದವರು. ಇಲ್ಲಿ ಕನ್ನಡದಲ್ಲಿ ಹೇಳಬೇಕು. ಛೇದವೆನ್ನಬೇಕಾದಲ್ಲಿ ನಾಲಿಗೆಗೆ ಡಿನಾಮಿನೇಟರ್ ಬರುತ್ತಿತ್ತು. ಲಸಾಅ, ಮಸಾಅ ಎಂಬ ಎರಡು ಹ್ರಸ್ವರೂಪಗಳನ್ನು ಮಕ್ಕಳು ಒಂದರ ಬದಲು ಒಂದು ಬರೆಯುತ್ತಿದ್ದರು; ಕೊನೆಯ ಅಕ್ಷರ ಎರಡರಲ್ಲಿಯೂ ಒಂದೇ ಆದುದರಿಂದ ಅದು ಸಹಜವೇ. ಒಂದು ಮಧ್ಯಾಹ್ನ ನಾವಿಬ್ಬರೂ ಕುಳಿತು ಕೃದಂತಗಳ ಪಾಠ ಮಾಡಿಕೊಂಡೆವು. ಭಾಗಿಸಲ್ಪಡತಕ್ಕದ್ದು ಭಾಜ್ಯ, ಭಾಗಿಸುವುದು ಭಾಜಕ, ಭಾಗಿಸಿದುದರಿಂದ ದೊರೆತದ್ದು ಭಾಗಲಬ್ಧ, ಮಿಕ್ಕಿದ್ದು ಶೇಷ. ಹಾಗೆಯೇ ಅಪವರ್ತ್ಯವೆಂದರೆ ನಿಶ್ಶೇಷವಾಗಿ ಭಾಗಿಸಲ್ಪಡತಕ್ಕ ದೊಡ್ಡದು, ಅಪವರ್ತನವೆಂದರೆ ಭಾಗಿಸುವ ಚಿಕ್ಕದು. ಪ್ರತ್ಯಯವನ್ನು ನೋಡಿದರೆ ಅರ್ಥ ತಾನೇ ಬಾಯಿ ಬಿಡುತ್ತದೆ. ಇದನ್ನು ಅವರು ಮಕ್ಕಳಿಗೆ ಹೇಳಿದ ಮೇಲೆ, ಭಾಗಲಬ್ಧ ಸಂಖ್ಯೆಗಳೆಂಬ ಅಧ್ಯಾಯದ ಹೆಸರು ಏಕೆ ಹಾಗಿದೆಯೆಂಬುದನ್ನು ಒಬ್ಬಳು ಹುಡುಗಿ ತಾನಾಗಿಯೇ ವಿವರಿಸಿದಳು.

ಕನ್ನಡದಲ್ಲಿ ಗಣಿತ ಹೇಳಲಾಗದೆಂಬ ಮಾತನ್ನು ನಾನು ಒಪ್ಪುವವನಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದ. ಭಾಷೆಗೆ ಶಕ್ತಿಯಿದೆ. ಆ ಭಾಷೆಯಲ್ಲಿ ಗಣಿತ ಹೇಳುವ ಅಭ್ಯಾಸ ಮಾತ್ರ ನಮ್ಮ ತರುಣರಿಗೆ ತಪ್ಪಿದೆ. ಅದನ್ನು ಮರಳಿ ದೊರಕಿಸಿಕೊಡಬಲ್ಲವರು ಪ್ರತಿ ಶಾಲೆಯಲ್ಲಿಯೂ ಇರುವ ಭಾಷಾ ಪಂಡಿತರು. ಗಣಿತದ ಪ್ರಶಿಕ್ಷಣಾರ್ಥಿಗೆ ಗಣಿತ ಶಿಕ್ಷಕರೊಬ್ಬರೇ ಸಾಕೆಂಬ ನಂಬಿಕೆಯನ್ನು ನಾವು ಬಿಡಬೇಕು.

ಕೊಟ್ಟುದಕ್ಕಿಂತ ನಾನು ಪಡೆದುದೇ ಹೆಚ್ಚು. ಒಂದು ದಿನ ಅವರು ನನ್ನ ಛಂದಸ್ಸಿನ ಪಾಠಕ್ಕೆ ಬಂದು ಕುಳಿತಿದ್ದರು. ಯಮಾತಾರಾಜಭಾನಸಲಗಂ ಎಂಬ ಸೂತ್ರದಿಂದ ಎಂಟು ಗಣಗಳನ್ನು ಬಿಡಿಸಿ ತೋರಿಸಿದೆ. ಪಾಠವಾದ ಮೇಲೆ, "ಗುರುಗಳೇ, ಅಕ್ಷರಗಣ ಎಂಟೇ ಏಕೆ?" ಎಂದರು. ಇಷ್ಟು ವರ್ಷ ಬೋಧಿಸಿದವನಿಗೆ ಈ ಪ್ರಶ್ನೆ ಹುಟ್ಟಿರಲಿಲ್ಲ. ಮೂರು ಸ್ಥಾನ, ಪ್ರತಿ ಸ್ಥಾನದಲ್ಲಿ ಲಘು ಅಥವಾ ಗುರು ಎಂಬ ಎರಡು ಆಯ್ಕೆ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ನಾಲ್ಕು ಅಕ್ಷರವಾದರೆ ಹದಿನಾರು. ಬಳಿಕ ಮಾತ್ರಾಗಣಗಳಿಗೆ ಬಂದೆವು. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ಕಂದಪದ್ಯದ ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪ. ಐದು ಮಾತ್ರೆಗೆ? ಗಣವು ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಇರಬೇಕು, ಗುರುವಿನಿಂದ ಮುಗಿದರೆ ಮೂರು ಮಾತ್ರೆ. ಆದುದರಿಂದ ಐದೂ ಮೂರೂ ಸೇರಿ ಎಂಟು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಛಂದಸ್ಸಿನಲ್ಲಿ ಕಂಡ ಈ ಸರಣಿಯೇ ಯೂರೋಪಿನಲ್ಲಿ 1202ರಲ್ಲಿ ಗ್ರಂಥ ಬರೆದ ಫಿಬೊನಾಚಿಯ ಹೆಸರಿನಿಂದ ಇಂದು ಪ್ರಸಿದ್ಧವಾಗಿದೆಯೆಂದು ಅವರು ಹೇಳಿದರು. ನನ್ನ ಮನೆಯಲ್ಲಿಯೇ ಹುಗಿದಿದ್ದ ನಿಧಿಯನ್ನು ದಾರಿಹೋಕರೊಬ್ಬರು ತೋರಿಸಿಕೊಟ್ಟಂತಾಯಿತು.

ಇನ್ನು ಕಹಿಯಾದ ಮಾತು. ಇಂಥವರ ದಿನವನ್ನು ಶಾಲೆಗಳು ಹೇಗೆ ಬಳಸಿಕೊಳ್ಳುತ್ತವೆ? ರಜೆ ಹಾಕಿದ ಉಪಾಧ್ಯಾಯರ ತರಗತಿಗೆ ಕಾವಲು ಕಳುಹಿಸುತ್ತವೆ. ಸ್ಯಾಟ್ಸ್ ಜಾಲತಾಣಕ್ಕೆ ವಿದ್ಯಾರ್ಥಿಗಳ ವಿವರ ತುಂಬಿಸುತ್ತವೆ. ಬಿಸಿಯೂಟದ ಸಾಲು ನೋಡಿಕೊಳ್ಳಲು ನಿಲ್ಲಿಸುತ್ತವೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಇಡುತ್ತವೆ. ಇವೂ ಶಾಲೆಯ ಕೆಲಸಗಳೇ, ಕಲಿಯಬೇಕಾದವೇ; ಆದರೆ ಕಲಿಸುವ ಕೆಲಸವನ್ನು ನುಂಗಿಬಿಡುವಷ್ಟು ಆಗಬಾರದು. ಖಾಲಿ ಹುದ್ದೆಯನ್ನು ಪ್ರಶಿಕ್ಷಣಾರ್ಥಿಯಿಂದ ತುಂಬಿಸಿ ಹದಿನಾರು ವಾರ ನೆಮ್ಮದಿಯಾಗಿದ್ದ ಶಾಲೆಗಳನ್ನೂ ನಾನು ಬಲ್ಲೆ. ಅಲ್ಲಿ ಮಾರ್ಗದರ್ಶಿ ಶಿಕ್ಷಕರೇ ಇಲ್ಲದಿರುವಾಗ ಮಾರ್ಗದರ್ಶನ ಎಲ್ಲಿಂದ ಬಂದೀತು?

ಪರಿವೀಕ್ಷಣೆಯ ದಿನದ ಕಥೆಯಂತೂ ಎಲ್ಲರಿಗೂ ಗೊತ್ತು. ಉತ್ತರ ತಿಳಿದವರು ಬಲಗೈ ಎತ್ತಿ, ತಿಳಿಯದವರು ಎಡಗೈ ಎತ್ತಿ ಎಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟು, ಕೈಗಳ ಕಾಡನ್ನು ತೋರಿಸಿ ಅಂಕ ಪಡೆದವರ ಹಾಸ್ಯಕಥೆ ಎಲ್ಲ ಉಪಾಧ್ಯಾಯರ ಕೊಠಡಿಗಳಲ್ಲಿಯೂ ಚಲಾವಣೆಯಲ್ಲಿದೆ. ಹಳೆಯ ವರ್ಷದ ಪಾಠಯೋಜನೆಗಳು ಕೈಯಿಂದ ಕೈಗೆ ಸಾಗಿ ಹೊಸ ರಟ್ಟು ಧರಿಸುತ್ತವೆ. ನಗುತ್ತೇವೆ, ಆದರೆ ಪ್ರಾಮಾಣಿಕವಾದ ತಪ್ಪಿಗೆ ಅಂಕ ಕಳೆದು, ಅಪ್ರಾಮಾಣಿಕವಾದ ಅಚ್ಚುಕಟ್ಟಿಗೆ ಅಂಕ ಕೊಡುವ ಏರ್ಪಾಡಿನಲ್ಲಿ ಇದು ಆಗದೆ ಇನ್ನೇನಾದೀತು?

ಈ ಸಂದರ್ಭದಲ್ಲಿ ನನ್ನ ಒಂದು ಹಳೆಯ ತಪ್ಪನ್ನು ಹೇಳಲೇಬೇಕು. ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಾನು ಬೇರೊಂದು ಊರಿನ ಶಾಲೆಯಲ್ಲಿದ್ದೆ. ಗಣಿತದ ಪ್ರಶಿಕ್ಷಣಾರ್ಥಿ ಯುವಕನೊಬ್ಬನು ರೇಖಾಗಣಿತದ ಪ್ರಮೇಯವನ್ನು ಸಾಧಿಸುವಾಗ ಒಂದು ಹೆಜ್ಜೆ ತಪ್ಪಿದ. ಹಿಂದೆ ಕುಳಿತಿದ್ದ ಹಿರಿಯ ಶಿಕ್ಷಕರೊಬ್ಬರು ಎದ್ದು, ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಮಕ್ಕಳ ಎದುರಿಗೇ ಅವನನ್ನು ಮೂದಲಿಸಿ ತಿದ್ದಿದರು. ಮಕ್ಕಳು ನಕ್ಕರು. ಬಾಗಿಲ ಬಳಿ ನಿಂತಿದ್ದ ನಾನೂ ನಕ್ಕೆ. ಆ ಯುವಕ ಉಳಿದ ದಿನಗಳನ್ನು ಪುಸ್ತಕ ನೋಡಿ ಬರೆಯಿಸುವುದರಲ್ಲಿಯೇ ಕಳೆದ. ಒಮ್ಮೆಯೂ ಮಕ್ಕಳ ಕಡೆ ತಿರುಗಿ ಪ್ರಶ್ನೆ ಕೇಳಲಿಲ್ಲ. ಮುಂದೆ ಅವನು ಬೋಧಕ ವೃತ್ತಿಯನ್ನೇ ಬಿಟ್ಟು ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾದನೆಂದು ಕೇಳಿದೆ. ಆ ಒಂದು ದಿನವೇ ಕಾರಣವೆಂದು ಹೇಳಲಾರೆ. ಆದರೆ ಕಾರಣಗಳಲ್ಲಿ ನನ್ನ ನಗುವೂ ಒಂದಾಗಿರಬಹುದೆಂಬ ಅಳುಕು ನನ್ನನ್ನು ಬಿಟ್ಟಿಲ್ಲ. ಅವನ ಬಳಿ ಹೋಗಿ ಒಂದು ಸಮಾಧಾನದ ಮಾತು ಹೇಳಲು ನನಗೆ ಅಂದು ಯಾವ ಅಡ್ಡಿಯೂ ಇರಲಿಲ್ಲ. ನಾನು ಹೇಳಲಿಲ್ಲ.

ಈ ಸಲ ನಮ್ಮ ಶಾಲೆಯಲ್ಲಿಯೂ ಅಂಥ ಗಳಿಗೆ ಬಂತು. ಘಾತಾಂಕಗಳ ಪಾಠದಲ್ಲಿ ಅವರು ಋಣಚಿಹ್ನೆ ಹಾಕಿ, ಆವರಣವಿಲ್ಲದೆ ಮೂರರ ವರ್ಗವನ್ನು ಬರೆದು, ಉತ್ತರ ಧನ 9 ಎಂದು ಮುಗಿಸಿದರು. ಎರಡನೆಯ ಸಾಲಿನ ಹುಡುಗಿ, "ಮಿಸ್, ಅಲ್ಲಿ ಆವರಣ ಇಲ್ಲವಲ್ಲ?" ಎಂದಳು. ಹಿಂದೆ ನನ್ನ ಪಕ್ಕದಲ್ಲಿಯೇ ನಮ್ಮ ಹಿರಿಯ ಗಣಿತ ಶಿಕ್ಷಕರು ಕುಳಿತಿದ್ದರು. ನನ್ನ ಎದೆ ಡವಗುಟ್ಟಿತು. ಆ ಮಹನೀಯರು ಕದಲಲಿಲ್ಲ. ಕೈಕಟ್ಟಿ ಸುಮ್ಮನೆ ಕಾದರು. ಪ್ರಶಿಕ್ಷಣಾರ್ಥಿಯು ಹಲಗೆಯನ್ನು ನೋಡಿ, "ಹೌದು, ನಾನು ತಪ್ಪಿದೆ. ಎಲ್ಲಿ ತಪ್ಪಿದೆನೆಂದು ನೀವೇ ಹೇಳಿ" ಎಂದರು. ಆ ಹತ್ತು ನಿಮಿಷಗಳಲ್ಲಿ ತರಗತಿ ಎಷ್ಟು ಗಣಿತ ಕಲಿಯಿತೋ ಇಡೀ ವಾರದಲ್ಲಿ ಅಷ್ಟು ಕಲಿತಿರಲಿಲ್ಲ. ಆವರಣವಿಲ್ಲದಿದ್ದರೆ ಮೊದಲು ವರ್ಗ, ಆಮೇಲೆ ಋಣ. ಉತ್ತರ ಋಣ 9. ಆವರಣವಿದ್ದರೆ ಋಣ ಮೂರಕ್ಕೇ ವರ್ಗ. ಉತ್ತರ ಧನ 9. ಮುಂದಿನ ಗಂಟೆಯಲ್ಲಿ ನಾನು ಅದೇ ಹಲಗೆಯ ಮೇಲೆ ಮಹಾರಾಜಪುತ್ರ ಎಂದು ಬರೆದು, ಮಹಾರಾಜನ ಪುತ್ರನೋ, ಮಹಾನ್ ಆದ ರಾಜಪುತ್ರನೋ ಎಂದು ಕೇಳಿದೆ. ಯಾವ ಪದ ಯಾವುದರೊಡನೆ ಮೊದಲು ಸೇರಿತೆಂಬುದೇ ಸಮಾಸದಲ್ಲಿಯೂ ಪ್ರಶ್ನೆ. ಮಕ್ಕಳು ಒಡನೆಯೇ, "ಆವರಣ ಹಾಕಿ ಸರ್" ಎಂದರು.

ತರಗತಿ ಮುಗಿದ ಮೇಲೆ ನಮ್ಮ ಗಣಿತ ಶಿಕ್ಷಕರು ಆಕೆಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಎಲ್ಲಿ ಎಚ್ಚರ ತಪ್ಪಿತೆಂದು ಶಾಂತವಾಗಿ ತಿಳಿಸಿದರು. ಎರಡು ಶಾಲೆ, ಎರಡು ತಪ್ಪು, ಇಬ್ಬರು ಹಿರಿಯರು, ಪರಿಣಾಮದಲ್ಲಿ ಅಜಗಜಾಂತರ. ಆದುದರಿಂದಲೇ ಶಾಲೆಯ ಹೊಣೆ ದೊಡ್ಡದೆಂದು ಹೇಳುತ್ತಿದ್ದೇನೆ.

ಇದಕ್ಕೆ ಪ್ರತಿಯಾಗಿ ಪೋಷಕರ ಆಕ್ಷೇಪವೊಂದಿದೆ. ನಮ್ಮ ಮಕ್ಕಳ ಮೇಲೆ ಪ್ರಯೋಗ ಏಕೆ, ಪಾಠ ಹಿಂದೆ ಬೀಳುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಹತ್ತನೆಯ ತರಗತಿಯ ಪಾಠಗಳನ್ನು ಪ್ರಶಿಕ್ಷಣಾರ್ಥಿಗಳ ಮೇಲೆ ಹೊರಿಸಬಾರದೆಂದು ನಾನೂ ಹೇಳುತ್ತೇನೆ. ಆದರೆ ಇಂದು ನಿಮ್ಮ ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿರುವ ಶಿಕ್ಷಕರೆಲ್ಲ ಒಂದಾನೊಂದು ಕಾಲದಲ್ಲಿ ಯಾರದೋ ಮಕ್ಕಳ ಮುಂದೆ ತಡವರಿಸಿದವರೇ. ಆ ಮಕ್ಕಳ ತಾಳ್ಮೆಯ ಋಣವನ್ನು ನಾವು ತೀರಿಸುವುದು ಹೀಗೆಯೇ. ಬಗಲಲ್ಲಿ ಅನುಭವಿ ಶಿಕ್ಷಕರು ಕುಳಿತಿದ್ದರೆ ಮಕ್ಕಳಿಗೆ ನಷ್ಟವೂ ಇಲ್ಲ.

ಮಾಡಬೇಕಾದುದು ಹೆಚ್ಚೇನೂ ಅಲ್ಲ. ಮೊದಲ ವಾರ ಪ್ರಶಿಕ್ಷಣಾರ್ಥಿಯು ಪಾಠ ಮಾಡದೆ ಕೇವಲ ನೋಡಲಿ; ಎಲ್ಲ ವಿಷಯಗಳ ತರಗತಿಗಳಲ್ಲಿಯೂ ಕುಳಿತು ಮಕ್ಕಳ ಹೆಸರು ಕಲಿಯಲಿ. ಒಬ್ಬರಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರನ್ನು ಗೊತ್ತುಮಾಡಿ, ದಿನಕ್ಕೆ ಒಂದು ಗಂಟೆ ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವಂತೆ ವೇಳಾಪಟ್ಟಿಯಲ್ಲಿಯೇ ತೋರಿಸಬೇಕು. ಮಕ್ಕಳ ಮುಂದೆ ತಿದ್ದುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಪ್ರತಿ ಪ್ರಶಿಕ್ಷಣಾರ್ಥಿಯೂ ಹೊರಡುವ ಮುನ್ನ, ಮಕ್ಕಳು ಕೇಳಿದ ಪ್ರಶ್ನೆಗಳನ್ನು, ಉತ್ತರ ಸಿಕ್ಕವನ್ನೂ ಸಿಗದವನ್ನೂ, ಒಂದು ಪುಸ್ತಕದಲ್ಲಿ ಬರೆದು ಶಾಲೆಗೆ ಕೊಟ್ಟು ಹೋಗಲಿ. ಸಾಲಕ್ಕೆ ಸಾಲ ಹೇಗೆ ಲಾಭವೆಂಬ ಪ್ರಶ್ನೆ ಮುಂದಿನ ವರ್ಷದವರಿಗೆ ಸಿದ್ಧವಾಗಿ ದೊರೆಯಲಿ.

ದಾನಿಗಳಲ್ಲಿಯೂ ಒಂದು ಬಿನ್ನಹ. ನಮ್ಮಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಗಳಿಗೆ ಸಂಬಳವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿದೆ. ಗಂಡುಮಕ್ಕಳಿಗೆ ಅದೂ ಇಲ್ಲ. ಬೆಳಗಿನ ಬಸ್ಸು ತಪ್ಪಿದರೆ ಪ್ರಾರ್ಥನೆ ತಪ್ಪಿತು. ಸಂಜೆಯ ಬಸ್ಸಿಗಾಗಿ ಮಾರ್ಗದರ್ಶಿ ಶಿಕ್ಷಕರೊಡನೆ ಮಾತು ಅರ್ಧಕ್ಕೇ ನಿಂತಿತು. ದೂರದಿಂದ ಬರುವವರಿಗೆ ಹದಿನಾರು ವಾರ ವಸತಿ, ಊಟಗಳ ಒಂದು ಪುಟ್ಟ ದತ್ತಿಯನ್ನು ಯಾರಾದರೂ ಸ್ಥಾಪಿಸಿದರೆ, ಒಂದು ಕೊಠಡಿ ಕಟ್ಟಿಸಿದಷ್ಟೇ ಪ್ರಯೋಜನವಾದೀತು. ಅದರಿಂದ ರೂಪುಗೊಳ್ಳುವ ಒಬ್ಬ ಗಣಿತ ಶಿಕ್ಷಕಿ ಮೂವತ್ತು ವರ್ಷ ಎಷ್ಟು ಮಕ್ಕಳ ಮುಂದೆ ನಿಲ್ಲುವರೆಂಬುದನ್ನು ಲೆಕ್ಕ ಬಲ್ಲ ದಾನಿಗಳೇ ಗುಣಿಸಿಕೊಳ್ಳಲಿ. ನನ್ನ ಗುಣಾಕಾರದ ಖ್ಯಾತಿಯನ್ನು ಮೊದಲೇ ನಿವೇದಿಸಿದ್ದೇನೆ.

ಕೊನೆಯ ದಿನ ಆಕೆ ಪ್ರಮಾಣಪತ್ರ ಪಡೆದು, ನಮಸ್ಕರಿಸಿ ಹೊರಟರು. ಎಂಟನೆಯ ತರಗತಿಯ ಮಕ್ಕಳು ಗೇಟಿನವರೆಗೆ ಹೋದರು. ಸಾಲದ ಪ್ರಶ್ನೆ ಕೇಳಿದ ಹುಡುಗ ಚಾರ್ಟುಗಳ ಸುರುಳಿಯನ್ನು ತಾನೇ ಹೊತ್ತುಕೊಂಡು ಬಸ್ ನಿಲ್ದಾಣದ ತನಕ ನಡೆದ. ಇಂಥ ಸಂಚಿಕೆಗಳಲ್ಲಿ ನಾವು ದಾನಿಗಳ, ನಿವೃತ್ತರ, ಶ್ರೇಣಿ ಪಡೆದವರ ಹೆಸರುಗಳನ್ನು ಆದರದಿಂದ ಅಚ್ಚು ಹಾಕಿಸುತ್ತೇವೆ. ಇಲ್ಲಿ ಹದಿನಾರು ವಾರ ದುಡಿದು, ಕಲಿತು, ಕಲಿಸಿ ಹೋದವರ ಹೆಸರುಗಳಿಗೂ ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟವನ್ನಾದರೂ ಮೀಸಲಿಡಬೇಕೆಂದು ಸಂಪಾದಕ ಮಂಡಲಿಯಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.